ಮಾಲ್ಗುಡಿಗೆ ಮುಖ ಬರೆದ ತಮ್ಮ

ಆರ್.ಕೆ. ಲಕ್ಷ್ಮಣ್ ಅಂದರೆ ಸಾಕು, ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕ, ಪೊದೆ ಮೀಸೆಯ, ಅವರ ವ್ಯಂಗ್ಯಚಿತ್ರಗಳ ಆ ಶ್ರೀಸಾಮಾನ್ಯ ಎದ್ದು ಬಂದು ನಿಂತುಬಿಡುತ್ತಾನೆ. ಐದು ದಶಕ ಬಾಯಿ ಬಿಡದೆ ದೇಶದ ಆಗುಹೋಗನ್ನೆಲ್ಲ ನೋಡುತ್ತ ನಿಂತವನು. ಅವನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅವನನ್ನು ಅವರಿಗೇ ಬಿಡೋಣ. ಮೈಸೂರಿನ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದ ನನ್ನಂಥವನಿಗೆ ಲಕ್ಷ್ಮಣ್ ಮೊದಲು ಕಥೆಗಳಿಗೆ ಚಿತ್ರ ಬರೆದ ಹುಡುಗ. ರಾಜಕಾರಣಿಗಳ ಮೂಗು ಉದ್ದ ಮಾಡುವ ಕಸುಬೆಲ್ಲ ಆಮೇಲಿನದು. ಅದಕ್ಕೂ ಮುಂಚೆ, ನಮ್ಮ ಊರಿನ ಲಕ್ಷ್ಮೀಪುರದ ಮನೆಯಲ್ಲಿ, ಅಣ್ಣ ಬರೆದ ಮಕ್ಕಳ ಕಥೆಗೆ ತಮ್ಮ ಮಸಿಯಲ್ಲಿ ಮುಖ ಬರೆದುಕೊಟ್ಟ.

ಆ ಮುಖ ಎಷ್ಟು ಬೇಕಾಗಿತ್ತು ಅನ್ನುವುದು ಅಣ್ಣ ಆರ್.ಕೆ. ನಾರಾಯಣ್ ಅವರ ಪುಸ್ತಕ ತೆರೆದು ನೋಡಿದರೆ ತಿಳಿಯುತ್ತದೆ. ನಾರಾಯಣ್ ವರ್ಣನೆಯಲ್ಲಿ ಬಲು ಜಿಪುಣರು. ಅವರು ಕಲ್ಪಿಸಿದ ಮಾಲ್ಗುಡಿ ಎಂಬ ಊರಿನಲ್ಲಿ ಸರಯೂ ನದಿ ಇದೆ, ಮಾರ್ಕೆಟ್ ರೋಡ್ ಇದೆ, ಕಬೀರ್ ಬೀದಿ ಇದೆ, ಲಾಲಿ ಎಕ್ಸ್‌ಟೆನ್ಷನ್ ಇದೆ. ಹೆಸರು ಹೇಳಿ ಮುಂದೆ ಹೋಗುತ್ತಾರೆ. ಮನೆಯ ಕಂಬ ಹೇಗಿತ್ತು, ಬಾಗಿಲು ಎಷ್ಟು ಎತ್ತರ, ಹುಡುಗನ ಮೂಗು ಚಪ್ಪಟೆಯೋ ನೀಳವೋ, ಇವೆಲ್ಲ ಅವರಿಗೆ ಬೇಕಿಲ್ಲ. ಮಾತು, ನಡೆ, ಮನಸ್ಸಿನ ಚಡಪಡಿಕೆ ಇಷ್ಟರಲ್ಲೇ ಕಥೆ ಮುಗಿಸುತ್ತಾರೆ. ಹೀಗಿದ್ದೂ ಓದಿದವರೆಲ್ಲ ಮಾಲ್ಗುಡಿಯನ್ನು ಕಣ್ಣಾರೆ ಕಂಡವರ ಹಾಗೆ ಮಾತಾಡುತ್ತಾರಲ್ಲ, ಆ ಕಂಡದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಮ್ಮನ ಕೈಕೆಲಸ ಎಂಬುದು ನನ್ನ ವಾದ. ಮಾಲ್ಗುಡಿ ಮೈಸೂರೇ ಹೌದಾ ಎಂದು ಯಾರು ಕೇಳಿದರೂ ನಾರಾಯಣ್ ಒಪ್ಪುತ್ತಿರಲಿಲ್ಲ. ಅವರು ಒಪ್ಪದಿದ್ದರೆ ಬೇಡ. ತಮ್ಮನ ಗೆರೆ ಒಪ್ಪಿಕೊಂಡಿದೆ.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಆರ್.ವಿ. ಕೃಷ್ಣಸ್ವಾಮಿ ಅಯ್ಯರ್ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರು, ಶಿಸ್ತಿನ ಮನುಷ್ಯ. ಗಂಡು ಮಕ್ಕಳಲ್ಲಿ ಲಕ್ಷ್ಮಣ್ ಕಿರಿಯವರು. 1906ರಲ್ಲಿ ಹುಟ್ಟಿದ ನಾರಾಯಣ್‌ಗೂ ಇವರಿಗೂ ಹದಿನೈದು ವರ್ಷದ ಅಂತರ. ಅಂದರೆ ಅಣ್ಣ ಬಿ.ಎ. ಮುಗಿಸಿ, ಮೇಷ್ಟ್ರ ಕೆಲಸಕ್ಕೆ ಹೋಗಿ, ಅದು ಒಗ್ಗದೆ ವಾಪಸು ಬಂದು, ಕಥೆ ಬರೆದೇ ಬದುಕುತ್ತೇನೆಂದು ಮನೆಯಲ್ಲಿ ಕೂತಾಗ ತಮ್ಮ ಇನ್ನೂ ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಚೆಂಡಾಡುತ್ತಿದ್ದ. ಮನೆ ಮಾತು ತಮಿಳು, ಬೀದಿಯ ಮಾತು ಕನ್ನಡ, ಅಪ್ಪನ ಪುಸ್ತಕಗಳೆಲ್ಲ ಇಂಗ್ಲಿಷು. ಆಗಿನ ಮೈಸೂರಿನಲ್ಲಿ ಇಂಥ ಮನೆಗಳಿಗೆ ಕೊರತೆ ಇರಲಿಲ್ಲ.

ಆ ಹೈಸ್ಕೂಲಿನ ಲೈಬ್ರರಿಯ ಮೇಜಿಗೆ ಇಂಗ್ಲೆಂಡಿನ ಪತ್ರಿಕೆಗಳು ಬರುತ್ತಿದ್ದವು. ಹೆಡ್‌ಮಾಸ್ಟರ ಮಕ್ಕಳಿಗೆ ಅದರ ಮೇಲೆ ಸಲಿಗೆ. ನಾರಾಯಣ್ ಅವುಗಳನ್ನು ಓದಿ ಬರಹಗಾರರಾದರು. ಲಕ್ಷ್ಮಣ್‌ಗೆ ಓದಲು ಬರುವ ಮುಂಚೆಯೇ ಚಿತ್ರಗಳ ಹುಚ್ಚು ಹಿಡಿದಿತ್ತು. ಸ್ಟ್ರ್ಯಾಂಡ್, ಪಂಚ್, ಬೈಸ್ಟ್ಯಾಂಡರ್, ವೈಡ್ ವರ್ಲ್ಡ್, ಟಿಟ್‌ಬಿಟ್ಸ್ ಈ ಪತ್ರಿಕೆಗಳ ಪುಟ ತಿರುಗಿಸುತ್ತ ಕೂರುತ್ತಿದ್ದರಂತೆ. ಆಗಾಗ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳೆಂದರೆ ಪ್ರಾಣ. ಅಡಿಯಲ್ಲಿನ ರುಜುವನ್ನು ‘ಲೋ’ ಎಂದು ಓದದೆ ‘ಕೌ’ ಎಂದು ಓದಿಕೊಂಡು, ಇಷ್ಟು ಚೆಂದ ಬರೆಯುವ ಪುಣ್ಯಾತ್ಮನಿಗೆ ಹಸು ಅಂತ ಯಾಕೆ ಹೆಸರಿಟ್ಟರೋ ಎಂಬಂತೆ ಎಷ್ಟೋ ಕಾಲ ಹಾಗೇ ನಂಬಿದ್ದರಂತೆ.

ಅದೇ ಹೊತ್ತಿನಲ್ಲಿ ಮೈಸೂರಿನ ದೊಡ್ಡ ಚಿತ್ರಗಾರಿಕೆ ಬೇರೆ ಕಡೆ ನಡೆದಿತ್ತು. ಅರಮನೆಯ ಕಲ್ಯಾಣಮಂಟಪದಲ್ಲಿ ಈಗ ನಾವು ಕತ್ತೆತ್ತಿ ನೋಡುವ ದಸರಾ ಮೆರವಣಿಗೆಯ 26 ದೊಡ್ಡ ಚಿತ್ರಪಟಗಳು 1934ರಿಂದ 1945ರ ನಡುವೆ ತಯಾರಾದವು. ಆನೆಯ ಜೂಲು, ಸಿಪಾಯಿಯ ರುಮಾಲು, ಬೀದಿಬದಿಯ ಜನರ ಮುಖ, ಎಲ್ಲವನ್ನೂ ಫೋಟೋ ಎದುರಿಗಿಟ್ಟುಕೊಂಡು ತಿದ್ದಿ ತೀಡಿ ಬರೆದರು. ಇನ್ನೊಂದು ಕಡೆ ಮಕ್ಕು ಎತ್ತಿ ಚಿನ್ನದ ರೇಕು ಅಂಟಿಸುವ ಮೈಸೂರು ಶೈಲಿ. ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕೆತ್ತನೆ, ಚಿತ್ರ ಕಲಿಸುತ್ತಿದ್ದರು. ಕೆ. ವೆಂಕಟಪ್ಪನವರಂಥವರು ಅಲ್ಲಿಂದ ಬಂದವರು. ಕಲೆ ಅಂದರೆ ಅರಮನೆ, ಕಲೆ ಅಂದರೆ ಚಿನ್ನ ಎಂದಿದ್ದ ಊರಿನಲ್ಲಿ ಈ ಹುಡುಗ ಸೀಮೆಸುಣ್ಣ ಹಿಡಿದು ಮನೆಯ ನೆಲ, ಗೋಡೆ, ಬಾಗಿಲ ಮೇಲೆಲ್ಲ ಗೀಚುತ್ತಿದ್ದ. ಶಾಲೆಯಲ್ಲಿ ಮೇಷ್ಟ್ರುಗಳ ಮುಖ ಗೀಚುತ್ತಿದ್ದ. ನನ್ನ ಕ್ಲಾಸುಗಳಲ್ಲೂ ಅಂಥವರು ಇದ್ದರು. ನನ್ನ ಬೋಳುತಲೆ ಎಷ್ಟು ನೋಟ್‌ಬುಕ್ಕುಗಳ ಕೊನೆಯ ಪುಟದಲ್ಲಿದೆಯೋ ದೇವರಿಗೇ ಗೊತ್ತು.

ಮೇಷ್ಟ್ರುಗಳಲ್ಲಿ ಒಬ್ಬರಿಂದ ಲಕ್ಷ್ಮಣ್‌ಗೆ ಒಳ್ಳೆಯದಾಯಿತು. ತರಗತಿಯಲ್ಲಿ ಎಲೆಯೊಂದನ್ನು ಬರೆಯಲು ಹೇಳಿದಾಗ ಇವರು ಅರಳಿ ಎಲೆ ಬರೆದರು. ಮೇಷ್ಟ್ರು ಅದನ್ನು ನೋಡಿ ಮೆಚ್ಚಿದರು. ತಾನು ಚಿತ್ರಗಾರ ಆಗಬಹುದು ಎಂದು ಮೊದಲ ಸಲ ಅನ್ನಿಸಿದ್ದು ಆಗಲೇ ಎಂದು ಲಕ್ಷ್ಮಣ್ ದೊಡ್ಡವರಾದ ಮೇಲೆ ನೆನೆಸಿಕೊಂಡಿದ್ದಾರೆ.

ಈ ಪ್ರಸಂಗವನ್ನು ಎಲ್ಲರೂ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅರಳಿ ಎಲೆ ನನ್ನ ಕಸುಬಿನ ವಿಷಯ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವಾಗ ಎಲೆ, ಹೂವು ಬರೆಸಲೇಬೇಕು. ಮಾವಿನೆಲೆ ಕೊಟ್ಟರೆ ಹೇಗೋ ಪಾರಾಗುತ್ತಾರೆ. ಅರಳಿ ಎಲೆ ಕೊಟ್ಟರೆ ನೂರಕ್ಕೆ ತೊಂಬತ್ತು ಮಕ್ಕಳು ಎಲೆಯನ್ನು ನೋಡುವುದೇ ಇಲ್ಲ. ಇಸ್ಪೀಟಿನ ಆಟೀನು ಬರೆದು, ಕೆಳಗೊಂದು ಬಾಲ ಅಂಟಿಸಿ, ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಎರಡೂ ಕಡೆ ಮೀನಿನ ಮುಳ್ಳಿನಂತೆ ನರ ಹಾಕಿ ತಂದುಕೊಡುತ್ತಾರೆ. ನಿಜವಾದ ಎಲೆ ಹಾಗಿರುವುದಿಲ್ಲ. ಅದರ ನಡುನರ ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತ ಕೂದಲಷ್ಟು ಸಣ್ಣ. ನೆಟ್ಟಗಿದ್ದಂತೆ ಕಂಡರೂ ಒಂದು ಬದಿಗೆ ಸ್ವಲ್ಪ ವಾಲಿರುತ್ತದೆ. ಪಕ್ಕದ ನರಗಳು ಅಂಚು ಮುಟ್ಟುವುದಿಲ್ಲ. ಅಂಚು ಇನ್ನೇನು ಬಂತು ಅನ್ನುವಾಗ ಬಾಗಿ ಒಂದರ ಕೈ ಇನ್ನೊಂದು ಹಿಡಿದುಕೊಳ್ಳುತ್ತವೆ, ಅಂಚಿನ ಒಳಗೇ ಇನ್ನೊಂದು ತೆಳು ಗೆರೆ ಎಳೆದಂತೆ. ತೊಟ್ಟು ಉದ್ದ, ಸಪೂರ. ಎಲೆ ಗಾಳಿಯಿಲ್ಲದಾಗಲೂ ನಡುಗುವುದಕ್ಕೆ ಅದೇ ಕಾರಣ. ಎಲೆಯ ತುದಿಯ ಬಾಲವಂತೂ ಯಾವತ್ತೂ ಕೆಳಮುಖ ನೇರವಾಗಿ ಇರದು, ಹೊರಳಿರುತ್ತದೆ. ಈ ಹೊರಳನ್ನು ಹಿಡಿದ ಹುಡುಗ ಕೈಚಳಕದಿಂದ ಬರೆದವನಲ್ಲ, ಕಣ್ಣಿಟ್ಟು ನೋಡಿ ಬರೆದವನು. ಆ ಮೇಷ್ಟ್ರಿಗೆ ಕಂಡದ್ದೂ ಇದೇ ಇರಬೇಕು ಎಂದು ನನ್ನ ಅಂದಾಜು.

ನೋಡುವುದಕ್ಕೆ ಲಕ್ಷ್ಮಣ್‌ಗೆ ಕಿಟಕಿಯೊಂದು ಸಾಕಾಗಿತ್ತು. ಕೋಣೆಯ ಕಿಟಕಿಯಾಚೆ ಒಣಗಿದ ಕಡ್ಡಿಗಳು, ಎಲೆಗಳು, ಹರಿದಾಡುವ ಹಲ್ಲಿಯಂಥ ಪ್ರಾಣಿಗಳು, ಸೌದೆ ಒಡೆಯುವ ಆಳು, ಎದುರು ಮನೆಗಳ ಮಾಡಿನ ಮೇಲೆ ಬಗೆಬಗೆಯಾಗಿ ಕೂತ ಕಾಗೆಗಳು, ಇವನ್ನೇ ಬರೆಯುತ್ತಿದ್ದೆ ಎಂದು 1998ರಲ್ಲಿ ಬಂದ ತಮ್ಮ ಆತ್ಮಕಥೆ ‘ದಿ ಟನಲ್ ಆಫ್ ಟೈಮ್’ನಲ್ಲಿ ಲಕ್ಷ್ಮಣ್ ಹೇಳಿಕೊಂಡಿದ್ದಾರೆ. ಇಲ್ಲಿ ಅಣ್ಣತಮ್ಮಂದಿರ ವ್ಯತ್ಯಾಸ ನೋಡಿ. ಮುಂದೆ ಯಾದವಗಿರಿಯಲ್ಲಿ ಮನೆ ಕಟ್ಟಿಸಿದಾಗ ನಾರಾಯಣ್ ಮಹಡಿಯಲ್ಲಿ ಬರೆಯುವ ಕೋಣೆಗೆ ಎಂಟು ಕಿಟಕಿ ಇಡಿಸಿದರು. ಒಂದು ಕಡೆ ಚಾಮುಂಡಿ ಬೆಟ್ಟ, ಇನ್ನೊಂದು ಕಡೆ ಊರಿನ ಗೋಪುರ, ಗುಮ್ಮಟಗಳು, ಮೇಯುವ ದನ ಕುರಿ, ಹಾದುಹೋಗುವ ರೈಲು. ಇವನ್ನೆಲ್ಲ ನೋಡುತ್ತ ಕೂತರೆ ಒಂದು ಪುಟವೂ ಮುಂದೆ ಹೋಗುವುದಿಲ್ಲವೆಂದು ಕೊನೆಗೆ ಬೂದು ಬಣ್ಣದ ಪರದೆ ಹಾಕಿಸಿಬಿಟ್ಟರು. ಪರದೆ ಎಳೆದ ಮೇಲೆ ದಿನಕ್ಕೆ ಸಾವಿರ ಪದ ಬರೆಯಲಾಯಿತಂತೆ. ಅಣ್ಣನಿಗೆ ಕಿಟಕಿಯೇ ಕಾಟ, ತಮ್ಮನಿಗೆ ಕಿಟಕಿಯೇ ಗುರು.

ಆ ಗುರುಕುಲದಲ್ಲಿ ಕಾಗೆಗೆ ಮೊದಲ ಮಣೆ. ಹಸಿರು ಮರ, ನೀಲಿ ಆಕಾಶ, ಕೆಂಚು ಮಣ್ಣು, ಇವೆಲ್ಲದರ ನಡುವೆ ಎದ್ದು ಕಾಣುವ ಕಪ್ಪು ಜೀವ ಅದೊಂದೇ ಎಂದು ಚಿಕ್ಕಂದಿನಲ್ಲೇ ಮನಸ್ಸಿಗೆ ಅಂಟಿಕೊಂಡಿತು ಎಂದು ಲಕ್ಷ್ಮಣ್ ಹೇಳುತ್ತಿದ್ದರು. ಸಾಯುವ ತನಕ ಕಾಗೆ ಬರೆದರು. ಕಾಗೆಗಳದೇ ಪ್ರದರ್ಶನಗಳಾದವು. ಕಾಗೆ ಬರೆಯುವುದು ಸುಲಭ ಅಂದುಕೊಂಡವರು ಒಮ್ಮೆ ಕೂತು ನೋಡಲಿ. ನಮ್ಮ ಊರುಕಾಗೆ ಪೂರ್ತಿ ಕಪ್ಪಲ್ಲ, ಕುತ್ತಿಗೆ ಬೂದು. ಬರೀ ಕಪ್ಪು ಬಳಿದರೆ ಕಾಡುಕಾಗೆಯಾಗುತ್ತದೆ, ಇಲ್ಲವೇ ಮಸಿಯ ಕಲೆಯಾಗುತ್ತದೆ. ಕೊಕ್ಕಿನ ಬುಡ ಎಷ್ಟು ದಪ್ಪವೆಂದು ತಿಳಿಯದಿದ್ದರೆ ಗಿಳಿಗೆ ಹೋಗಿ ನಿಲ್ಲುತ್ತದೆ. ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುವ ಆ ಕಳ್ಳನೋಟ ಬರದಿದ್ದರೆ ಅದು ಕಾಗೆಯೇ ಅಲ್ಲ. ಲಕ್ಷ್ಮಣ್ ಅವರ ಕಾಗೆಯಲ್ಲಿ ಬ್ರಷ್ಷು ಕಾಗದಕ್ಕೆ ಎಷ್ಟು ಕಮ್ಮಿ ಸಲ ತಾಗಿದೆ ಎಂದು ಎಣಿಸಬಹುದು.

ಹೈಸ್ಕೂಲು ಮುಗಿದ ಮೇಲೆ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಅರ್ಜಿ ಹಾಕಿದರು. ನಮ್ಮಲ್ಲಿ ಓದುವುದಕ್ಕೆ ತಕ್ಕ ಪ್ರತಿಭೆ ನಿಮ್ಮ ಚಿತ್ರಗಳಲ್ಲಿಲ್ಲ ಎಂಬರ್ಥದ ಕಾಗದ ಬಂತು. ಈ ಕಥೆಯನ್ನು ಆ ಸ್ಕೂಲಿನವರ ದಡ್ಡತನಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ನಾನು ಅವರನ್ನು ಪೂರ್ತಿ ದೂರುವವನಲ್ಲ. ಆಗಿನ ಆರ್ಟ್ ಸ್ಕೂಲುಗಳು ನೋಡುತ್ತಿದ್ದದ್ದು ಶೇಡಿಂಗ್ ನಯವಾಗಿದೆಯೇ, ಅಂಗಾಂಗದ ಅಳತೆ ಸರಿಯಿದೆಯೇ ಎಂದು. ಸೌದೆ ಒಡೆಯುವವನ ಬೆನ್ನಿನ ಬಾಗು, ಕಾಗೆಯ ಕಳ್ಳನೋಟ, ಇವಕ್ಕೆ ಅವರ ಬಳಿ ಅಂಕ ಕೊಡುವ ಕಾಲಮ್ಮೇ ಇರಲಿಲ್ಲ. ಈಗಲೂ ನಮ್ಮ ಗ್ರೇಡ್ ಪರೀಕ್ಷೆಗಳಲ್ಲಿ ಇಲ್ಲ.

ಹೀಗಾಗಿ ಊರಿನಲ್ಲೇ ಉಳಿದು ಮಹಾರಾಜ ಕಾಲೇಜು ಸೇರಿದರು. ನಮಗೆ ಲಾಭವಾದದ್ದು ಅಲ್ಲಿ. ಮುಂಬಯಿಗೆ ಹೋಗಿ ಪ್ಲಾಸ್ಟರ್ ಬೊಂಬೆಗಳ ಮುಂದೆ ಕೂತಿದ್ದರೆ ಆ ವರ್ಷಗಳಲ್ಲಿ ಅಣ್ಣನ ಕಥೆಗಳು ಕೈಗೆ ಸಿಗುತ್ತಿದ್ದವೋ ಇಲ್ಲವೋ.

ಅಣ್ಣ ಆ ಹೊತ್ತಿಗಾಗಲೇ ಹೆಸರು ಮಾಡಿದ್ದರು. 1930ರ ವಿಜಯದಶಮಿಯ ದಿನ ಬೆಂಗಳೂರಿನ ಅಜ್ಜಿ ಮನೆಯಲ್ಲಿ ಹೊಸ ನೋಟ್‌ಬುಕ್ಕಿನಲ್ಲಿ ಶುರುಮಾಡಿದ ‘ಸ್ವಾಮಿ ಅಂಡ್ ಫ್ರೆಂಡ್ಸ್’, ಗ್ರಹಾಂ ಗ್ರೀನ್ ಅವರ ಶಿಫಾರಸಿನಿಂದ 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್ ಪ್ರಕಾಶನದಿಂದ ಹೊರಬಂದಿತ್ತು. ಹೆಸರು ಬಂತೇ ವಿನಾ ದುಡ್ಡು ಬರಲಿಲ್ಲ. 1937ರಲ್ಲಿ ತಂದೆ ತೀರಿಕೊಂಡರು. ಸಂಸಾರದ ಭಾರ ಅಣ್ಣಂದಿರ ಮೇಲೆ ಬಿತ್ತು. ನಾರಾಯಣ್ ‘ದಿ ಹಿಂದೂ’ ಪತ್ರಿಕೆಗೆ ಸಣ್ಣ ಕಥೆ ಬರೆದು ಮನೆಗೆ ನಾಲ್ಕು ಕಾಸು ತರುತ್ತಿದ್ದರು. ಆ ಕಥೆಗಳಿಗೆ ಚಿತ್ರ ಬರೆಯುವ ಕೆಲಸ ತಮ್ಮನ ಪಾಲಿಗೆ ಬಂತು. ಆಗ ಅವರಿನ್ನೂ ಕಾಲೇಜು ಹುಡುಗ.

ಇಲ್ಲೊಂದು ಸ್ವಾರಸ್ಯ ಇದೆ. ಸಾಮಾನ್ಯವಾಗಿ ಚಿತ್ರಗಾರನ ಕೈಗೆ ಕಥೆ ಬರುತ್ತದೆ, ಅವನು ಓದಿ ಪಾತ್ರವನ್ನು ಕಲ್ಪಿಸಿಕೊಳ್ಳುತ್ತಾನೆ. ಲಕ್ಷ್ಮಣ್‌ಗೆ ಆ ಕಷ್ಟ ಇರಲಿಲ್ಲ. ಕಥೆಯಲ್ಲಿದ್ದ ಹುಡುಗ ಅವರೇ. ಬೀದಿಯ ಹುಡುಗರನ್ನು ಸೇರಿಸಿ ಕಟ್ಟಿದ್ದ ‘ರಫ್ ಅಂಡ್ ಟಫ್ ಅಂಡ್ ಜಾಲಿ’ ಎಂಬ ಕ್ರಿಕೆಟ್ ಟೀಮಿಗೆ ಅವರು ಕ್ಯಾಪ್ಟನ್. ತಮ್ಮನ ಈ ಚೇಷ್ಟೆಗಳನ್ನು ನೋಡಿಯೇ ಅಣ್ಣ ‘ದೊಡು’ ಎಂಬ ಹುಡುಗನ ಕಥೆ ಬರೆದರು. ದುಡ್ಡು ಮಾಡಬೇಕೆಂದು ಹೊರಡುವ ಎಂಟು ವರ್ಷದ ಪೋರನ ಕಥೆ. 1943ರಲ್ಲಿ ‘ದೊಡು ಅಂಡ್ ಅದರ್ ಸ್ಟೋರೀಸ್’ ಎಂಬ ಸಂಗ್ರಹ ಮೈಸೂರಿನಲ್ಲೇ, ನಾರಾಯಣ್ ಅವರ ಸ್ವಂತ ಇಂಡಿಯನ್ ಥಾಟ್ ಪ್ರಕಾಶನದಿಂದ ಬಂತು. ತಾನು ಮಾಡಿದ ತಂಟೆ ಅಣ್ಣನ ಕೈಯಲ್ಲಿ ಕಥೆಯಾಗುವುದು, ಆ ಕಥೆಯನ್ನು ತಾನೇ ಮತ್ತೆ ಚಿತ್ರಕ್ಕೆ ತರುವುದು, ಇದು ಎಷ್ಟು ಜನ ಚಿತ್ರಗಾರರಿಗೆ ಸಿಗುತ್ತದೆ?

ಆದ್ದರಿಂದಲೇ ಇರಬೇಕು, ಲಕ್ಷ್ಮಣ್ ಬರೆದ ಹುಡುಗರು ಮುದ್ದುಮುದ್ದಾಗಿರುವುದಿಲ್ಲ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರು ಸಾಮಾನ್ಯವಾಗಿ ಮಾಡುವ ತಪ್ಪು ಅದು. ಕೆನ್ನೆ ಉಬ್ಬಿಸಿ, ಕಣ್ಣು ದೊಡ್ಡದು ಮಾಡಿ, ಮಕ್ಕಳನ್ನು ಕ್ಯಾಲೆಂಡರ್ ಕೃಷ್ಣನನ್ನಾಗಿ ಮಾಡಿಬಿಡುತ್ತಾರೆ. ಇವರ ಹುಡುಗರ ಮೊಣಕಾಲು ಗಂಟುಗಂಟು. ಷರಟು ಒಂದು ಕಡೆ ಇಳಿಬಿದ್ದಿರುತ್ತದೆ. ಎದುರಿಗೆ ದೊಡ್ಡವರು ನಿಂತರೆ ಮರ ನಿಂತಂತೆ ಕಾಣುತ್ತದೆ, ಏಕೆಂದರೆ ನೋಟ ಹುಡುಗನ ಎತ್ತರದ್ದು. ಅವರ ಬೀದಿಗಳಲ್ಲಿ ಜಗಲಿ ಕಟ್ಟೆ, ಕಂಬ, ಹೆಂಚಿನ ಮಾಡು, ಜಟಕಾ, ಎಲ್ಲೋ ಒಂದು ಕಡೆ ಕಾಗೆ. ಇವೆಲ್ಲ ಲಕ್ಷ್ಮೀಪುರದಿಂದ ಅಗ್ರಹಾರದವರೆಗೆ ನಡೆದುಕೊಂಡು ಹೋದರೆ ಎರಡೂ ಬದಿ ಸಿಗುತ್ತಿದ್ದವು. ಈಗ ಕೆಲವೇ ಉಳಿದಿವೆ.

ಚಿತ್ರ ಕಾಗದದ ಮೇಲಿಂದ ಪತ್ರಿಕೆಗೆ ಹೇಗೆ ಹೋಗುತ್ತಿತ್ತು ಎಂಬುದನ್ನೂ ಹೇಳಬೇಕು. ಅದು ತಿಳಿಯದೆ ಆ ಗೆರೆಯ ಗುಣ ತಿಳಿಯುವುದಿಲ್ಲ. ನನ್ನ ಸೋದರಮಾವ ಮೈಸೂರಿನ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುತ್ತಿದ್ದವರು. ಬ್ಲಾಕು ಅಂದರೇನೆಂದು ನನಗೆ ತೋರಿಸಿದವರು ಅವರೇ. ಚಿತ್ರಗಾರ ಬಿಳಿ ಹಲಗೆಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದು ಕೊಡುತ್ತಾನೆ, ಅಚ್ಚಾಗುವುದಕ್ಕಿಂತ ದೊಡ್ಡ ಅಳತೆಯಲ್ಲಿ. ಅದನ್ನು ಕ್ಯಾಮೆರಾದಲ್ಲಿ ಚಿಕ್ಕದು ಮಾಡಿ ಸತುವಿನ ತಗಡಿನ ಮೇಲೆ ಇಳಿಸುತ್ತಾರೆ. ತಗಡನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಅದ್ದಿದರೆ ಗೆರೆಯಿರುವ ಜಾಗ ಉಳಿದು ಮಿಕ್ಕದ್ದನ್ನು ಆಸಿಡ್ಡು ತಿನ್ನುತ್ತದೆ. ಹಾಗೆ ಎದ್ದುನಿಂತ ತಗಡನ್ನು ಮರದ ತುಂಡಿಗೆ ಹೊಡೆದು, ಅಕ್ಷರದ ಮೊಳೆಯ ಎತ್ತರಕ್ಕೆ ಸರಿಯಾಗಿ ತಂದರೆ ಬ್ಲಾಕು ರೆಡಿ. ಅಕ್ಷರದ ಜೊತೆಗೇ ಫರ್ಮಾದಲ್ಲಿ ಬಿಗಿದು ಅಚ್ಚು ಹೊಡೆಯಬಹುದು.

ಲೈನ್ ಬ್ಲಾಕಿನಲ್ಲಿ ಕಪ್ಪು ಇರುತ್ತದೆ, ಇಲ್ಲವೇ ಬಿಳಿ. ನಡುವಿನ ಬೂದು ಎಂಬುದೇ ಇಲ್ಲ. ಬೂದು ಬೇಕೆಂದರೆ ಗೆರೆಗಳನ್ನು ಪಕ್ಕಪಕ್ಕ ಎಳೆದು ಕಣ್ಣಿಗೆ ಮೋಸ ಮಾಡಬೇಕು. ಎಳೆದ ಗೆರೆಗಳು ತೀರಾ ಒತ್ತಾದರೆ ಮಸಿ ತುಂಬಿಕೊಂಡು ನ್ಯೂಸ್‌ಪ್ರಿಂಟಿನ ಮೇಲೆ ಕಪ್ಪು ಮುದ್ದೆಯಾಗುತ್ತದೆ. ಯುದ್ಧದ ಕಾಲದ ಕಾಗದವಂತೂ ಮಸಿ ಹೀರುವ ಬ್ಲಾಟಿಂಗ್ ಪೇಪರಿಗೆ ಸಮ. ಹೀಗಾಗಿ ಪತ್ರಿಕೆಗೆ ಬರೆಯುವವನು ಎಲ್ಲಿ ಗೆರೆ ಎಳೆಯಬೇಕೆಂಬುದಕ್ಕಿಂತ ಎಲ್ಲಿ ಬಿಡಬೇಕೆಂಬುದನ್ನು ಮೊದಲು ಕಲಿಯಬೇಕಿತ್ತು. ಲಕ್ಷ್ಮಣ್ ಅವರ ದಪ್ಪ ಬ್ರಷ್ಷಿನ ಗೆರೆ, ಒಂದು ಕಡೆ ಒತ್ತಿ ಇನ್ನೊಂದು ಕಡೆ ಹಗುರವಾಗಿ ಬಿಟ್ಟ ಪಂಚೆಯ ನೆರಿಗೆ, ನೆರಳಿಗೆಂದು ಎಳೆದ ನಾಲ್ಕೇ ಓರೆಗೆರೆ, ಇವೆಲ್ಲ ಸತುವಿನ ತಗಡು ಕಲಿಸಿದ ಪಾಠ ಎಂದು ನಾನು ಹೇಳಿದರೆ ಕಲಾವಿಮರ್ಶಕರು ನಗಬಹುದು. ನಗಲಿ. ಅವರಲ್ಲಿ ಯಾರೂ ಬ್ಲಾಕು ಕೈಯಲ್ಲಿ ಹಿಡಿದವರಲ್ಲ.

ಮೂಲ ಚಿತ್ರಗಳಿಗೆ ಆ ಕಾಲದ ಪ್ರೆಸ್ಸುಗಳಲ್ಲಿ ಇದ್ದ ಮರ್ಯಾದೆ ಅಷ್ಟಕ್ಕಷ್ಟೆ. ಬ್ಲಾಕು ಆಗುವ ತನಕ ಅದನ್ನು ಜೋಪಾನ ಮಾಡುತ್ತಿದ್ದರು, ಆದ ಮೇಲೆ ಕೇಳುವವರಿಲ್ಲ. ಬ್ಲಾಕನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ಯಾಕೆಂದರೆ ತಗಡಿಗೆ ದುಡ್ಡು ಬಿದ್ದಿತ್ತು. ಕಾಗದದ ಅಂಚಿನಲ್ಲಿ ಅಳತೆ ಬರೆಯಲು ನೀಲಿ ಪೆನ್ಸಿಲ್ ಬಳಸುತ್ತಿದ್ದರು, ಕ್ಯಾಮೆರಾಗೆ ಆ ನೀಲಿ ಕಾಣುವುದಿಲ್ಲ ಎಂದು. ತಪ್ಪಿದ ಕಡೆ ಬಿಳಿ ಬಣ್ಣ ಬಳಿದು ಅದರ ಮೇಲೆ ಮತ್ತೆ ಗೆರೆ. ಅಚ್ಚಾದ ಚಿತ್ರದಲ್ಲಿ ಈ ತೇಪೆ ಒಂದೂ ಕಾಣದು. ಚಿತ್ರಗಾರ ಎಲ್ಲಿ ಅನುಮಾನಿಸಿದ, ಎಲ್ಲಿ ಮನಸ್ಸು ಬದಲಿಸಿದ ಎಂಬುದೆಲ್ಲ ಉಳಿಯುವುದು ಮೂಲದಲ್ಲಿ ಮಾತ್ರ. ಹಾಗಾಗಿ ಹಳೆಯ ಮೂಲ ಚಿತ್ರವೊಂದು ಎಲ್ಲಾದರೂ ಪ್ರದರ್ಶನಕ್ಕೆ ಬಂದರೆ ನಾನು ಮೊದಲು ಅಂಚು ನೋಡುತ್ತೇನೆ.

ಮೈಸೂರಿನ ಪ್ರೆಸ್ಸು ಅಂದಾಗ ಚೆಲುವಯ್ಯಂಗಾರರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ನಾರಾಯಣ್ 1941ರಲ್ಲಿ ಶುರುಮಾಡಿದ ‘ಇಂಡಿಯನ್ ಥಾಟ್’ ಪತ್ರಿಕೆ ಅಚ್ಚಾದದ್ದು ಅವರ ಸಿಟಿ ಪವರ್ ಪ್ರೆಸ್ಸಿನಲ್ಲಿ. ಪತ್ರಿಕೆ ಮೂರು ಸಂಚಿಕೆಗೇ ನಿಂತಿತು. ನಾಟಕ, ಸಿನಿಮಾದ ಹುಚ್ಚಿದ್ದ, ಮಾತಿನಲ್ಲೇ ಮಂಟಪ ಕಟ್ಟುವ ಆ ಮುದ್ರಕ ಮಾತ್ರ 1949ರಲ್ಲಿ ‘ಮಿಸ್ಟರ್ ಸಂಪತ್’ ಆಗಿ ಕಾದಂಬರಿ ಹೊಕ್ಕರು.

ಇನ್ನೊಂದು ಕಡೆ ‘ಕೊರವಂಜಿ’. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಎಂ. ಶಿವರಾಂ, ನಮ್ಮ ರಾಶಿಯವರು, 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ. ಕಾಲೇಜು ಹುಡುಗ ಲಕ್ಷ್ಮಣ್‌ಗೆ ಬೆನ್ನು ತಟ್ಟಿ ಅದರಲ್ಲಿ ಜಾಗ ಕೊಟ್ಟವರು ಅವರು. ಲಕ್ಷ್ಮಣ್ ಇಂಗ್ಲಿಷ್ ಪತ್ರಿಕೆಗಳ ಸ್ವತ್ತಾಗುವ ಮೊದಲು ಕನ್ನಡದ ಓದುಗರು ಅವರ ಚಿತ್ರ ನೋಡಿ ನಕ್ಕಿದ್ದರು ಎಂಬುದು ನಮ್ಮವರಿಗೇ ಮರೆತುಹೋಗಿದೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಸ್ವಲ್ಪ ದಿನ, ಮುಂಬಯಿಯ ಫ್ರೀ ಪ್ರೆಸ್ ಜರ್ನಲ್ಲಿನಲ್ಲಿ ಸ್ವಲ್ಪ ದಿನ, ಅಲ್ಲಿಂದ ಟೈಮ್ಸ್ ಆಫ್ ಇಂಡಿಯಾ. 1951ರಲ್ಲಿ ಅಲ್ಲಿ ‘ಯೂ ಸೆಡ್ ಇಟ್’ ವ್ಯಂಗ್ಯಚಿತ್ರ ಶುರುವಾಗಿ ಶ್ರೀಸಾಮಾನ್ಯ ಬಂದ. 1984ರಲ್ಲಿ ಮ್ಯಾಗ್ಸೆಸೆ, 2004ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟು, 2005ರಲ್ಲಿ ಪದ್ಮವಿಭೂಷಣ. ನನಗೆ ಕುತೂಹಲ ಇರುವುದು ಇಷ್ಟೆಲ್ಲದರ ನಡುವೆಯೂ ಮಕ್ಕಳು ಅವರ ಕುಂಚವನ್ನು ಬಿಡಲಿಲ್ಲ ಎಂಬುದರಲ್ಲಿ. 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಗಟ್ಟು ಎಂಬ ಹುಡುಗನನ್ನು ಬರೆದುಕೊಟ್ಟರು. ಹಣೆಯ ಮೇಲೆ ಬಿದ್ದ ಕೂದಲು, ಕೈಯಲ್ಲಿ ಬ್ರಷ್ಷು, ಬಣ್ಣದ ಡಬ್ಬ. ಗೋಡೆ ಕಂಡರೆ ಕೈ ತುರಿಸುವ ಆ ಪೋರ ಎಲ್ಲಿಂದ ಬಂದ ಎಂದು ಲಕ್ಷ್ಮೀಪುರದ ಆ ಮನೆಯವರನ್ನು ಕೇಳಬೇಕಿತ್ತು. ಹಾರ್ಡ್‌ವೇರ್ ಅಂಗಡಿಗಳ ಮುಂದೆ ದಶಕಗಟ್ಟಲೆ ನಿಂತಿದ್ದ.

ಅವರ ಹೆಂಡತಿ ಕಮಲಾ ಲಕ್ಷ್ಮಣ್ ಮಕ್ಕಳಿಗಾಗಿ ಬರೆಯುತ್ತಿದ್ದವರು. ಥಾಮ ಎಂಬ ಆನೆಮರಿಯ ಕಥೆಗಳು ಅವರವು, ಚಿತ್ರ ಗಂಡನದು. ಹೀಗೆ ಮೊದಲು ಅಣ್ಣನಿಗೆ, ಆಮೇಲೆ ಹೆಂಡತಿಗೆ ಎಂದು ಈ ಕೆಲಸ ಮನೆಯೊಳಗೇ ಸುತ್ತಿತು. ರಾಜಕೀಯದ ಚಿತ್ರಕ್ಕೆ ಬೆಳಿಗ್ಗೆಯಿಂದ ಪೇಪರುಗಳನ್ನೆಲ್ಲ ಓದಿ ತಲೆ ಕೆ‌ಡಿಸಿಕೊಳ್ಳಬೇಕು. ಆನೆಮರಿಗೆ ಅದೇನೂ ಬೇಡ. 1977ರಲ್ಲಿ ಕರ್ನಾಟಕ ಸರ್ಕಾರಕ್ಕಾಗಿ ನಾರಾಯಣ್ ನಮ್ಮ ನಾಡಿನ ಪ್ರವಾಸವನ್ನು ‘ದಿ ಎಮರಾಲ್ಡ್ ರೂಟ್’ ಎಂದು ಬರೆದಾಗಲೂ ರೇಖಾಚಿತ್ರ ತಮ್ಮನವೇ.

ಆ ದಶಕಗಳಲ್ಲಿ ನಮ್ಮ ಮಕ್ಕಳಿಗೆ ಚಿತ್ರವೆಂದರೆ ಚಂದಮಾಮ. ಕನ್ನಡದ ಚಂದಮಾಮ 1949ರಲ್ಲಿ ಬಂತು. ಅದರ ಮುಖಪುಟಗಳಿಗೆ ಮಹಾಭಾರತದ ದೃಶ್ಯ ಬರೆದ ಎಂ.ಟಿ.ವಿ. ಆಚಾರ್ಯರು ಕನ್ನಡಿಗರೇ. ಅವರ ಭೀಷ್ಮ, ಅವರ ಕರ್ಣ ಕಿರೀಟದ ಮಣಿ ಮಣಿಯೂ ಎಣಿಸುವಷ್ಟು ನಯ. ನಾನು ಚಿತ್ರಕ್ಕೆ ಬಿದ್ದದ್ದೇ ಅವುಗಳನ್ನು ಕಾಪಿ ಮಾಡಿ. ಆದರೆ ಆಚಾರ್ಯರ ಚಿತ್ರ ನೋಡಿದ ಹುಡುಗ ಹಸ್ತಿನಾವತಿಗೆ ಹೋಗುತ್ತಾನೆ. ಲಕ್ಷ್ಮಣ್ ಚಿತ್ರ ನೋಡಿದ ಹುಡುಗ ತನ್ನ ಬೀದಿಗೇ ಬರುತ್ತಾನೆ. ಎರಡೂ ಬೇಕು. ಮಕ್ಕಳ ಕೈಗೆ ಮೊದಲು ಯಾವುದು ಕೊಡಬೇಕೆಂದು ಕೇಳಿದರೆ ನಾನು ಬೀದಿಯನ್ನೇ ಹೇಳುತ್ತೇನೆ.

1986ರಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಎಂಬ ಟೀವಿ ಧಾರಾವಾಹಿ ಮಾಡಿದರು. ಶುರುವಿನಲ್ಲಿ ಎಲ್. ವೈದ್ಯನಾಥನ್ ಅವರ ರಾಗ, ಹಿಂದೆ ಲಕ್ಷ್ಮಣ್ ಅವರ ರೇಖಾಚಿತ್ರ. ಪುಸ್ತಕ ಮುಟ್ಟದವರ ಮನೆಗೂ ಆ ಗೆರೆ ಹೋಯಿತು. ಅದರ ಮರುವರ್ಷವೋ ಏನೋ, ಏಳನೇ ಕ್ಲಾಸಿಗೆ ಸ್ವಾಮಿಯ ಚಿತ್ರ ಬರೆಯಿರಿ ಎಂದೆ. ಮುಕ್ಕಾಲು ಪಾಲು ಮಕ್ಕಳು ಧಾರಾವಾಹಿಯಲ್ಲಿ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನ ಮುಖ ಬರೆದು ತಂದರು. ಪುಸ್ತಕದಲ್ಲಿರುವ ಚಿತ್ರ ತೋರಿಸಿ, “ಇವನೂ ಸ್ವಾಮೀನೇ ಕಣಪ್ಪಾ” ಅಂದರೆ ಒಬ್ಬ ಒಪ್ಪಲೇ ಇಲ್ಲ. “ಇಲ್ಲ ಸಾರ್, ಸ್ವಾಮಿ ಹಂಗಿಲ್ಲ. ನಾನು ಟೀವೀಲಿ ನೋಡಿದೀನಿ” ಅಂದ. ಅವನ ಚಿತ್ರದಲ್ಲಿ ಮುಖ ಮಂಜುನಾಥನದು, ಸರಿ. ಹಿಂದೆ ಬರೆದಿದ್ದ ಬೀದಿ ಯಾವುದೆಂದು ನೋಡಿದರೆ ಕಂಬದ ಜಗಲಿ, ಓರೆ ನಿಂತ ಜಟಕಾ, ನೆರಳಿಗೆ ನಾಲ್ಕು ಓರೆಗೆರೆ.

ಆ ಧಾರಾವಾಹಿಯನ್ನು ತೆಗೆದದ್ದು ಆಗುಂಬೆಯಲ್ಲಿ. ಅಂದಿನಿಂದ ಜನರ ಮನಸ್ಸಿನ ಮಾಲ್ಗುಡಿ ನಿಧಾನವಾಗಿ ಮಲೆನಾಡಿಗೆ ಸರಿಯಿತು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಮ್ಮೇ ಆಯಿತು. ಯಾದವಗಿರಿಯ ನಾರಾಯಣ್ ಮನೆ ಕೆಡವುವುದರಿಂದ ಪಾರಾಗಿ 2016ರಲ್ಲಿ ಮ್ಯೂಸಿಯಂ ಆಯಿತು. ಲಕ್ಷ್ಮಣ್ 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ಯಾಲರಿ 2022ರಲ್ಲಿ ಅಲ್ಲೇ, ಬಾಲೇವಾಡಿಯಲ್ಲಿ ತೆರೆಯಿತು. ಹೀಗೆ ಮಾಲ್ಗುಡಿ ಹಂಚಿಹೋಗಿದೆ. ಯಾರು ಎಲ್ಲಿ ಬೇಕಾದರೂ ಇಟ್ಟುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ಲಕ್ಷ್ಮಣ್ ಬರೆದ ಮಾಲ್ಗುಡಿಯ ಬೀದಿಯಲ್ಲಿ ನೆರಳು ಗಿಡ್ಡ, ಆಕಾಶಕ್ಕೆ ಒಂದು ಗೆರೆಯೂ ಇಲ್ಲ, ಮಣ್ಣು ಒಣಗಿದೆ. ಅದು ಆಗುಂಬೆಯ ಬಿಸಿಲಲ್ಲ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಲಕ್ಷ್ಮೀಪುರದಲ್ಲಿ ಒಂದು ಸುತ್ತು ಹಾಕಿದವರಿಗೆ ಅದು ಎಲ್ಲಿಯ ಬಿಸಿಲು ಎಂದು ನಾನು ಹೇಳಬೇಕಾಗಿಲ್ಲ.